ಪಾತಾಳದ ಕಥೆಗೆ ಸಮಾಧಾನಕರ ಬಹುಮಾನ

ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಕಥೆ ಹೇಳುವ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಗೆದ್ದೆ. ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಗೆದ್ದವಳಿಗೆ ಸಿಟ್ಟೇಕೆ ಎಂದು ಕೇಳುವವರಿಗೆ ಮೊದಲು ಆ ಪುಸ್ತಕಗಳ ವಿಷಯ ಹೇಳಬೇಕು, ಆಮೇಲೆ ನನ್ನ ಗೆಳತಿಯ ವಿಷಯ.

ಪುಸ್ತಕಗಳು ಒಟ್ಟು ಏಳು. ಭೂಮಿಯ ಕೆಳಗೆ ಅತಲ, ವಿತಲ, ಸುತಲ ಎಂದು ಶುರುವಾಗಿ ಪಾತಾಳದವರೆಗೆ ಏಳು ಲೋಕಗಳಿವೆ ಎಂದು ಪುರಾಣ ಹೇಳುತ್ತದಲ್ಲ, ಒಂದೊಂದು ಲೋಕಕ್ಕೆ ಒಂದೊಂದು ಪುಸ್ತಕ. ಒಂದೂರಿನ ನದಿಯನ್ನು ಯಾರೋ ಕದ್ದು ನೆಲದಡಿಗೆ ಒಯ್ದಿರುತ್ತಾರೆ. ಅದನ್ನು ಹುಡುಕಿಕೊಂಡು ಕುಂಬಾರರ ಹುಡುಗಿಯೊಬ್ಬಳು ಬತ್ತಿದ ಬಾವಿಗೆ ಇಳಿಯುತ್ತಾಳೆ. ದಾರಿಯಲ್ಲಿ ಅವಳಿಗೆ ವಿಷವೇ ಇಲ್ಲದ, ಮಹಾ ಪುಕ್ಕಲನಾದ ಒಬ್ಬ ನಾಗಕುಮಾರ ಜೊತೆಯಾಗುತ್ತಾನೆ. ಇಬ್ಬರೂ ಒಂದೊಂದೇ ಲೋಕ ದಾಟುತ್ತಾ ಇನ್ನೂ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗುತ್ತಾರೆ. ಕಥೆಗಿಂತ ಹೆಚ್ಚಾಗಿ ನಮ್ಮನ್ನು ಹಿಡಿದದ್ದು ಚಿತ್ರಗಳು. ಕಪ್ಪು ಶಾಯಿಯ ಗೆರೆ, ಅದರ ಜೊತೆಗೆ ಪುಸ್ತಕಕ್ಕೆ ಒಂದೇ ಬಣ್ಣ. ಅತಲಕ್ಕೆ ಅರಿಸಿನದ ಹಳದಿ, ಸುತಲಕ್ಕೆ ಇಟ್ಟಿಗೆಯ ಕೆಂಪು, ರಸಾತಲಕ್ಕೆ ಪಾಚಿಯ ಹಸಿರು. ಕುಂಬಾರರ ಹುಡುಗಿ ಕಪ್ಪಗಿದ್ದಳು. ಮುಂದಿನ ಹಲ್ಲುಗಳ ನಡುವೆ ಸಂದು, ಬಾಚಣಿಗೆಗೆ ಬಗ್ಗದ ಕೂದಲು. ಮಡಕೆ ತಟ್ಟುವ ಮರದ ಹಲಗೆಯೇ ಅವಳ ಆಯುಧ. ನಾಗಕುಮಾರ ಹೆದರಿದಾಗ ಅವನ ಹೆಡೆ ನೆನೆದ ಕೊಡೆಯ ಹಾಗೆ ಜೋತುಬೀಳುತ್ತಿತ್ತು. ಅಂಥ ಹುಡುಗಿಯನ್ನು ನಾನು ಅದಕ್ಕೆ ಮೊದಲು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಕನ್ನಡಿಯಲ್ಲಿ ಮಾತ್ರ ನೋಡಿದ್ದೆ.

ಇಂಥ ಪುಸ್ತಕಗಳು ಎಲ್ಲಿದ್ದವು ಗೊತ್ತೇ? ನಾವಿದ್ದದ್ದು ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ. ಬೋರ್ಡಿನ ಮೇಲೆ ಸರ್ವಜ್ಞನಗರ ಎಂದಿದ್ದರೂ ಬಾಯಲ್ಲಿ ಎಲ್ಲರಿಗೂ ಕಾಕ್ಸ್ ಟೌನೇ. ಅಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ಲೈಬ್ರರಿಯಿತ್ತು. ಇಂಗ್ಲಿಷ್ ಕಾಮಿಕ್ಸುಗಳೆಲ್ಲ ಕಣ್ಣಿನ ಮಟ್ಟಕ್ಕೆ, ಬಣ್ಣಬಣ್ಣವಾಗಿ. ಕನ್ನಡಕ್ಕೆ ತೀರಾ ಕೆಳಗಿನ ಒಂದು ಅರೆ, ಪೊರಕೆ ಒರಗಿಸುವ ಮೂಲೆಯಲ್ಲಿ. ಮುಖಪುಟದಲ್ಲಿ ಹಾವಿನ ಹೆಡೆ ಕಂಡದ್ದೇ ತಡ, ಅಂಗಡಿಯಾತ ಈ ಸರಣಿಯನ್ನು ದೇವರ ಸ್ತೋತ್ರಗಳ ನಡುವೆ ಸಿಕ್ಕಿಸಿಬಿಟ್ಟಿದ್ದ. ಹೀಗಾಗಿ ಮಕ್ಕಳ್ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಸ್ತೋತ್ರಕ್ಕೆಂದು ಬಂದ ಅಜ್ಜಿಯರು ತೆರೆದು ನೋಡಿ, ಇದೇನು ರಾಕ್ಷಸರ ಪುಸ್ತಕ ಎಂದು ಹಾಗೇ ಇಡುತ್ತಿದ್ದರು. ಮಕ್ಕಳ ಪುಸ್ತಕವನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಲು ಅದೆಷ್ಟು ಬುದ್ಧಿ ಬೇಕು? ಅವ್ವ ಸ್ತೋತ್ರ ಹುಡುಕಲು ಕೂತಾಗ ನಾನೂ ಪಕ್ಕದಲ್ಲಿ ಕೂತಿದ್ದರಿಂದ ಅವು ನನಗೆ ಸಿಕ್ಕವು, ಅಷ್ಟೆ.

ಆಗ ನಾವು ಗದಗಿನ ಕಡೆಯಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ಅಪ್ಪನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಹಳೇ ಮನೆಯೊಂದರ ಹಿಂಭಾಗದಲ್ಲಿ ಎರಡು ಬಾಡಿಗೆ ಮನೆಗಳಿದ್ದವು. ಒಂದರಲ್ಲಿ ನಾವು, ಇನ್ನೊಂದರಲ್ಲಿ ನನ್ನ ಗೆಳತಿಯ ಸಂಸಾರ. ಅವಳ ಅಪ್ಪನಿಗೆ ಶಿವಾಜಿನಗರದಲ್ಲಿ ಸೋಫಾ ಹೊಲಿಯುವ ಅಂಗಡಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಅವಳಿಗೆ ಪರೀಕ್ಷೆಯಲ್ಲಿ ಫೇಲಾಗುವುದಕ್ಕೆ ಮಾತ್ರ ಬೇಕಾಗಿದ್ದ ಭಾಷೆ. ನನ್ನ ಕನ್ನಡದ ಪಾಡೂ ಶಾಲೆಯಲ್ಲಿ ಅಷ್ಟಕ್ಕಷ್ಟೇ. "ಹೌದ್ರೀ", "ಬ್ಯಾಡ್ರೀ" ಎಂದರೆ ಸಾಕು, ಇಡೀ ಕ್ಲಾಸು ಕಿಸಕ್ಕನೆ ನಗುತ್ತಿತ್ತು. ನನ್ನನ್ನು ನೋಡಿ ನಗದವಳು ಅವಳೊಬ್ಬಳೇ. ಯಾವ ಕನ್ನಡ ಸರಿ, ಯಾವುದು ತಪ್ಪು ಎಂದು ಅವಳಿಗೆ ಗೊತ್ತಿರಲಿಲ್ಲವಲ್ಲ.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಮೊದಲ ಪುಸ್ತಕ ಓದುತ್ತಿದ್ದೆ. ಅವಳು ಹೆಗಲ ಮೇಲಿಂದ ಬಗ್ಗಿ ಚಿತ್ರ ನೋಡಿದಳು. ನನ್ನ ಜೊತೆ ಅವಳು ಆಡುತ್ತಿದ್ದದ್ದು ಶಾಲೆಯ ಇಂಗ್ಲಿಷು, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

"ಈ ಹುಡುಗಿ ಯಾಕೆ ಬಾವಿ ಒಳಗೆ ಹೋಗ್ತಿದಾಳೆ?"

"ನದಿ ಹುಡುಕಾಕ."

"ನದಿ ಯಾರಾದ್ರೂ ಕದೀತಾರಾ? ಓದು, ಓದು, ಜೋರಾಗಿ ಓದು."

ಓದಿದೆ. ಅಂದಿನಿಂದ ಶಾಲೆ ಬಿಟ್ಟ ಮೇಲೆ ಅದೇ ನಮ್ಮ ಕೆಲಸ. ನಾನು ಸಾಲಿನ ಕೆಳಗೆ ಬೆರಳಿಟ್ಟು ಓದುವುದು, ಅವಳು ಚಿತ್ರ ನೋಡುತ್ತಾ ಅರ್ಥ ಕೇಳುವುದು. ಎರಡನೇ ಪುಸ್ತಕದ ನಡುವಿಗೆ ಬರುವಷ್ಟರಲ್ಲಿ ಅವಳಿಗೆ ನನ್ನ ನಿಧಾನ ಸಹಿಸದಾಯಿತು. ಪುಸ್ತಕ ಕಿತ್ತುಕೊಂಡು ತಾನೇ ಓದತೊಡಗಿದಳು. ಮೂರನೆಯದು ಬಂದಾಗ ಓದುವವಳು ಅವಳು, ಕೇಳುವವಳು ನಾನು. ನಾಗಕುಮಾರನಿಗೆ ಒಂದು ದನಿ, ಮಾಯಾವಿಗೆ ಒಂದು ದನಿ, ಹುಡುಗಿಗೆ ತನ್ನದೇ ದನಿ. ಅವಳ ನಾನಿ, ಅಂದರೆ ತಾಯಿಯ ತಾಯಿ, ಒಳಗಿನಿಂದ ತಮ್ಮ ಮೋಡಾ, ಬೆತ್ತದ ಪೀಠ, ತಂದು ಹಾಕಿಕೊಂಡು ಕೂರುತ್ತಿದ್ದರು. ಗೆಳತಿ ಪುಟ ಮುಗಿಸಿ ನಾನಿಗೆ ಅವರ ಮಾತಿನಲ್ಲಿ ಹೇಳಬೇಕು. ಸ್ವಲ್ಪ ತಡವಾದರೆ ನಾನಿ ಸುಮ್ಮನಿರುತ್ತಿರಲಿಲ್ಲ. "ಫಿರ್ ಕ್ಯಾ ಹುವಾ? ಬೋಲ್!" ಆಮೇಲೇನಾಯ್ತು, ಹೇಳು ಎಂದು.

ಹೀಗೆ ಕಲಿತ ಕನ್ನಡ ಎಂಥದ್ದಾಗಿರುತ್ತದೆ? ಹಲಸೂರಿನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವಾಕೆಯ ಮುಂದೆ ನಿಂತು ಅವಳು ಒಮ್ಮೆ, "ತಾಯೇ, ಈ ಸೊಪ್ಪು ಇಂದು ಕೊಯ್ದದ್ದೋ ಅಥವಾ ನಿನ್ನೆಯದೋ, ಸತ್ಯವನ್ನು ನುಡಿಯಿರಿ" ಎಂದಳು. ತಮಾಷೆಗಲ್ಲ. ಅವಳಿಗೆ ಗೊತ್ತಿದ್ದ ಕನ್ನಡವೇ ಅದು. ಸೊಪ್ಪಿನಾಕೆ ನಕ್ಕು ಸುಸ್ತಾಗಿ, ಪಕ್ಕದವಳನ್ನೂ ಕರೆದು, "ಇನ್ನೊಂದ್ಸಲ ಹೇಳು ಕಂದ" ಎಂದು ಹೇಳಿಸಿ ಒಂದು ಹಿಡಿ ಕೊತ್ತಂಬರಿ ಹಾಗೇ ಕೊಟ್ಟಳು. ಆ ನಗುವಿನಲ್ಲಿ ನಂಜಿರಲಿಲ್ಲ. ನಂಜು ಇದ್ದದ್ದು ಬೇರೆ ಕಡೆ.

ಆ ನವೆಂಬರಿನಲ್ಲಿ ಹಲಸೂರಿನ ಒಂದು ಸಂಘದವರು ಶಾಲಾಮಕ್ಕಳಿಗೆ ಕಥೆ ಹೇಳುವ ಸ್ಪರ್ಧೆ ಇಟ್ಟರು. ಕನ್ನಡದಲ್ಲಿ ಯಾವ ಕಥೆಯನ್ನಾದರೂ ಹೇಳಬಹುದು, ಯಾರು ಬೇಕಾದರೂ ಭಾಗವಹಿಸಬಹುದು ಎಂದು ಸಂಘದ ಗೇಟಿಗೆ ದೊಡ್ಡ ಅಕ್ಷರದ ಬ್ಯಾನರು ಕಟ್ಟಿದ್ದರು. ಯಾರು ಬೇಕಾದರೂ ಎಂಬುದನ್ನು ನಾವು ನಂಬಿದೆವು. ಇಬ್ಬರೂ ಹೆಸರು ಕೊಟ್ಟೆವು. ನಾನು ಮಯನ ಮಾಯಾನಗರಿ ಬರುವ ತಲಾತಲದ ಕಥೆ ಆರಿಸಿಕೊಂಡೆ. ಅವಳು ಸುತಲ.

ಸಭಾಂಗಣದ ಮುಂದಿನ ಸಾಲಿನಲ್ಲಿ ಅವ್ವ ಮತ್ತು ನಾನಿ ಅಕ್ಕಪಕ್ಕ ಕೂತಿದ್ದರು. ಅವ್ವನಿಗೆ ನಾನಿಯ ಮಾತು ಅರ್ಥವಾಗುತ್ತಿರಲಿಲ್ಲ, ನಾನಿಗೆ ಅವ್ವನದು. ಆದರೂ ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಶೇಂಗಾ ತಿನ್ನುತ್ತಿದ್ದರು. ನನ್ನ ಸರದಿ ಮೊದಲು ಬಂತು. ಚೆನ್ನಾಗಿಯೇ ಶುರು ಮಾಡಿದೆ. ಮಾಯಾನಗರಿಯ ಬಾಗಿಲು ತೆರೆಯುವಲ್ಲಿ ಮುಂದಿನದು ಮರೆತುಹೋಯಿತು. ಮೈಕಿನ ಮುಂದೆ ನಿಂತು ಚಾವಣಿ ನೋಡಿದೆ, ಕಾಲಬೆರಳು ನೋಡಿದೆ. ಒಂದಿಷ್ಟು ಹಾರಿಸಿ ಹೇಗೋ ಮುಗಿಸಿ ಬಂದೆ.

ಆಮೇಲೆ ಅವಳು. ಕುಂಬಾರರ ಹುಡುಗಿ ಸುತಲಕ್ಕೆ ಬರುತ್ತಾಳೆ. ಅಲ್ಲಿ ಬಲಿ ಚಕ್ರವರ್ತಿ ಇದ್ದಾನೆ. ಕೇಳಿದ್ದನ್ನು ಕೊಟ್ಟದ್ದಕ್ಕೆ ಕೆಳಕ್ಕೆ ತಳ್ಳಿಸಿಕೊಂಡವನು. ಅವನು ಹುಡುಗಿಗೆ ನೀರು ಕೊಟ್ಟು, ಮೇಲಿನ ಸಮಾಚಾರ ಕೇಳುತ್ತಾನೆ. ದೀಪಾವಳಿಯಲ್ಲಿ ನಿಮ್ಮನ್ನು ನೆನೆಯುತ್ತೇವೆ ಎಂದು ಹುಡುಗಿ ಹೇಳುತ್ತಾಳೆ. "ವರ್ಷಕ್ಕೊಂದು ದಿನ ಕರೆದು ದೀಪ ಹಚ್ಚುವಿರಿ, ಮಗೂ. ಮಿಕ್ಕ ದಿನಗಳಲ್ಲಿ ನನ್ನ ನೆನಪಾಗುವುದಿಲ್ಲವೇ?" ಎಂದು ಬಲಿ ಕೇಳುತ್ತಾನೆ. ಗೆಳತಿ ಈ ಮಾತನ್ನು ದನಿ ಏರಿಸಿ ಹೇಳಲಿಲ್ಲ. ತೀರಾ ಮೆಲ್ಲಗೆ, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ ಹೇಳಿದಳು. ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳು ಸುಮ್ಮನಾದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆಳತಿಯ ಒಂದು ಪದ ತಪ್ಪಲಿಲ್ಲ, ಒಂದು ಉಸಿರು ಎಡವಲಿಲ್ಲ.

ತೀರ್ಪುಗಾರರಲ್ಲಿ ಹಿರಿಯರೊಬ್ಬರಿದ್ದರು. ಹೆಗಲ ಮೇಲೆ ಶಾಲು, ಮುಖದ ತುಂಬ ನಗು. ಅವಳನ್ನು ಅಲ್ಲೇ ನಿಲ್ಲಿಸಿಕೊಂಡು ಕೇಳಿದರು.

"ಈ ಕಥೆ ಯಾರಮ್ಮ ಹೇಳ್ಕೊಟ್ಟಿದ್ದು ನಿಂಗೆ?"

"ಪುಸ್ತಕದಲ್ಲಿ ಓದಿದೆ ಸರ್."

"ನಿಮ್ಮದೇ ಕಥೆಗಳಿಲ್ವಾ? ನಿಮ್ಮವರದ್ದು ಏನಾದ್ರೂ ಹೇಳ್ಬಹುದಿತ್ತಲ್ಲ, ಚೆನ್ನಾಗಿರ್ತಿತ್ತು."

ಅವಳು, "ಇದು ನನ್ನ ಕಥೆಯೇ ಸರ್, ನನಗೆ ಬಾಯಿಪಾಠ ಬರುತ್ತದೆ" ಎಂದಳು. ಸಭೆಯಲ್ಲಿ ಕೆಲವರು ನಕ್ಕರು. ಆತನೂ ನಕ್ಕು, ಸಭೆಯ ಕಡೆ ತಿರುಗಿ, "ಬೇರೆ ಮನೆಮಾತಿನವರು ಇಷ್ಟು ಮಾತಾಡೋದೇ ದೊಡ್ಡದು, ಒಂದು ಜೋರು ಚಪ್ಪಾಳೆ ಕೊಡ್ರಪ್ಪ" ಎಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೀಗೆ ಬೆನ್ನು ಸವರಿ ಹೊರಗಿಡುವುದಕ್ಕೆ ಏನೆನ್ನಬೇಕೆಂದು ನನಗೆ ಆಗ ತಿಳಿಯಲಿಲ್ಲ.

ಫಲಿತಾಂಶ ಹೇಳಿದರು. ಮೊದಲ ಬಹುಮಾನ ನನಗೆ. ಎರಡನೆಯದು, ಮೂರನೆಯದು ಇನ್ಯಾರಿಗೋ. ಅವಳಿಗೆ ವಿಶೇಷ ಸಮಾಧಾನಕರ ಬಹುಮಾನ, ಒಂದು ಪ್ಲಾಸ್ಟಿಕ್ ಸೋಪು ಡಬ್ಬಿ. ಸೋಪೂ ಇರಲಿಲ್ಲ ಅದರೊಳಗೆ. ನನ್ನ ಕೈಗೆ ಒಂದು ಸ್ಟೀಲಿನ ಕಪ್ಪು ಕೊಟ್ಟು, ಗೆದ್ದವರು ಎರಡು ಮಾತಾಡಬೇಕೆಂದು ಮೈಕು ಮುಂದೆ ಹಿಡಿದರು. ನಾನು ಏನೂ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಮನೆಯ ಮಾತೇ.

"ಸರ, ಇದು ತಪ್ಪೈತ್ರಿ. ನಾ ನಡುವ ಮರತ ನಿಂತಿದ್ದೆ. ಆಕಿ ಎಲ್ಲೂ ಮರತಿಲ್ಲ. ಆಕಿಗೆ ಕೊಡಬೇಕ್ರಿ ಇದನ್ನ."

ಮೈಕು ಹಿಂದೆ ಹೋಯಿತು. ಯಾರೋ, "ಗೆಳತಿ ಮೇಲೆ ಎಷ್ಟು ಪ್ರೀತಿ ನೋಡಿ" ಎಂದರು. ಅದಕ್ಕೂ ಚಪ್ಪಾಳೆ! ಪ್ರೀತಿಯ ಮಾತೇ ಅಲ್ಲ ಅದು, ಸರಿತಪ್ಪಿನ ಮಾತು. ನಾನು ವೇದಿಕೆಯಿಂದ ಇಳಿಯದೆ ನಿಂತಿದ್ದಾಗ ಅವ್ವ ಎದ್ದಳು.

ಬೆಂಗಳೂರಿಗೆ ಬಂದ ಮೇಲೆ ಅವ್ವ ಹೊರಗೆ ಬಾಯಿ ಬಿಡುವುದೇ ಕಡಿಮೆಯಾಗಿತ್ತು. ಅವಳ ಮಾತಿಗೆ ಅಂಗಡಿಯವರು ಮುಖಮುಖ ನೋಡಿಕೊಂಡು ನಗುತ್ತಿದ್ದರೆಂದು ಬೆರಳು ತೋರಿಸಿ ಸಾಮಾನು ತರುತ್ತಿದ್ದಳು. ಆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಶಾಲಿನವರ ಮುಂದೆ ಹೋಗಿ ನಿಂತಳು.

"ಏನ್ರೀ ಇದು, ಹಿಂಗ ಮಾಡೀರಿ? ನಮ್ಮ ಹುಡುಗಿ ನಡುವ ನಿಂತಳು, ಎಲ್ಲಾರೂ ನೋಡ್ಯಾರ."

"ಅಮ್ಮಾ, ಬಹುಮಾನ ನಿಮ್ಮ ಮಗಳಿಗೇ ಬಂದಿದೆಯಲ್ಲ. ಇನ್ನೇನು?"

"ಅದಕ್ಕ ಕೇಳಾಕತ್ತೀನಿ."

ಆತ ಶಾಲು ಸರಿಮಾಡಿಕೊಂಡು, "ನೋಡಿ, ನಮ್ಮ ಮಕ್ಕಳಿಗೆ ಪ್ರೋತ್ಸಾಹ ಸಿಗ್ಲಿ ಅನ್ನೋದೇ ಈ ಸ್ಪರ್ಧೆ ಉದ್ದೇಶ" ಎಂದರು.

"ಆಕಿ ಯಾರ ಮಗಳ್ರೀ ಮತ್ತ?" ಎಂದಳು ಅವ್ವ.

ಅಷ್ಟರಲ್ಲಿ ಸಂಘದ ಇನ್ನೊಬ್ಬರು ಬಂದು, ತೀರ್ಪುಗಾರರ ತೀರ್ಮಾನವೇ ಅಂತಿಮ, ದಯವಿಟ್ಟು ಕೂತುಕೊಳ್ಳಿ, ಕಾಫಿ ಬರುತ್ತದೆ ಎಂದರು. ಕಾಫಿ ಯಾರಿಗೆ ಬೇಕಿತ್ತು? ನಾನು ಕಪ್ಪನ್ನು ಅವರ ಮೇಜಿನ ಮೇಲಿಟ್ಟು ಇಳಿದು ಬಂದೆ. ನಾನಿಗೆ ಗೆಳತಿ ಎಲ್ಲವನ್ನೂ ಹೇಳಿದಳು. ಕೇಳಿ ಮುಗಿಸಿದ ನಾನಿ ವೇದಿಕೆಯ ಕಡೆ ನೋಡಿ, "ಉನ್ಕು ಕಾನಾಂ ನೈ ಕ್ಯಾ?" ಎಂದರು. ಅವರಿಗೆ ಕಿವಿಗಳಿಲ್ಲವೇ ಎಂದು. ಅವ್ವನಿಗೆ ಅದೊಂದು ಮಾತು ಹೇಗೋ ಅರ್ಥವಾಗಿ, "ಇಲ್ರೀ, ಇಲ್ಲ ಅವರಿಗೆ" ಎಂದಳು.

ಆಟೋದಲ್ಲಿ ನಾಲ್ವರೂ ಒತ್ತೊತ್ತಾಗಿ ಕೂತು ಮನೆಗೆ ಬಂದೆವು. ಗೇಟಿನ ಹತ್ತಿರ ಇಳಿದ ಮೇಲೆ ಗೆಳತಿ ನನ್ನ ಕಡೆ ತಿರುಗಿ ನಿಂತಳು.

"ನೀನ್ಯಾಕೆ ಅಲ್ಲಿ ಹಾಗೆ ಹೇಳಿದ್ದು?"

"ತಪ್ಪಾಗಿತ್ತು, ಹೇಳಿದೆ."

"ಕಥೆ ಹೇಳಿದಾಗ ಎಲ್ಲರೂ ಬಲಿ ಚಕ್ರವರ್ತಿನ ನೋಡ್ತಿದ್ರು. ನೀನು ಹೇಳಿದ್ಮೇಲೆ ನನ್ನ ನೋಡಿದ್ರು. ಪಾಪ ಅನ್ನೋ ಹಾಗೆ."

ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ನನ್ನದೂ ನ್ಯಾಯವೇ ಆಗಿತ್ತು ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಸುಮ್ಮನೆ ಕಪ್ಪು ತಂದು ಮನೆಯ ಶೋಕೇಸಿನಲ್ಲಿ ಇಡಲು ಆಗುತ್ತಿತ್ತೇ? ಈ ಒಂದು ವಿಷಯಕ್ಕೆ ನಾವು ಎಷ್ಟೋ ದಿನ ಮಾತು ಬಿಟ್ಟೆವು. ಆ ದಿನಗಳಲ್ಲಿ ನಾನು ಲೈಬ್ರರಿಗೂ ಹೋಗಲಿಲ್ಲ. ಕೊನೆಯ ಪುಸ್ತಕವೊಂದು ಬಾಕಿಯಿತ್ತು. ಅವಳಿಲ್ಲದೆ ಅದನ್ನು ಓದುವುದು ಸರಿಯಲ್ಲ ಎಂದು ಹಲ್ಲು ಕಚ್ಚಿ ಕೂತಿದ್ದೆ. ಒಂದು ಸಂಜೆ ಅವಳು ಮೆಟ್ಟಿಲ ಹತ್ತಿರ ಬಂದು, ಏನೂ ಆಗಿಲ್ಲವೆಂಬಂತೆ, "ನದಿ ಸಿಕ್ತು ಕಣೇ. ಹಾವಿನ ಹಾಗೆ ಸುರುಳಿ ಸುತ್ಕೊಂಡು ಮಲಗಿತ್ತು, ಎರಡು ಪುಟ ತುಂಬಾ ಚಿತ್ರ" ಎಂದಳು.

"ನೀ ಒಬ್ಬಾಕೀನ ಓದಿದಿ?"

"ನಾನಿ ಬಿಡ್ಲಿಲ್ಲ. ದಿನಾ ಕೇಳ್ತಿದ್ರು, ಆಮೇಲೇನಾಯ್ತು ಅಂತ."

ನಾನು ಅವಳ ಜಡೆ ಹಿಡಿದು ಎಳೆದೆ. ಅವಳು ನನ್ನ ಜಡೆ ಎಳೆದಳು. ಅಲ್ಲಿಗೆ ರಾಜಿಯಾಯಿತು.

ವರ್ಷಗಳು ಹೋದವು. ನಾನು ಮದುವೆಯಾಗಿ ಕೆ.ಆರ್. ಪುರಂಗೆ ಬಂದೆ. ಅವಳು ದೊಮ್ಮಲೂರಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ನಾನಿ ತೀರಿಕೊಂಡರು. ನನ್ನ ಮಗಳು ಓದಲು ಕಲಿತಾಗ ಅವಳನ್ನೂ ಕರೆದುಕೊಂಡು ಆ ಏಳು ಪುಸ್ತಕಗಳನ್ನು ಹುಡುಕಲು ಹೊರಟೆ. ಕಾಕ್ಸ್ ಟೌನಿನ ಲೈಬ್ರರಿ ಇದ್ದಲ್ಲಿ ಫ್ಲ್ಯಾಟು ಎದ್ದಿತ್ತು. ಕೊನೆಗೆ ಇಂದಿರಾನಗರದ ದೊಡ್ಡ ಪುಸ್ತಕದಂಗಡಿಯೊಂದರಲ್ಲಿ ಅದೇ ಸರಣಿ ಇಂಗ್ಲಿಷಿನಲ್ಲಿ ಸಿಕ್ಕಿತು. ನುಣುಪು ಕಾಗದ, ಮಿಂಚುವ ಬಣ್ಣ. ಕನ್ನಡದ್ದು ಇದೆಯಾ ಎಂದು ಕೇಳಿದೆ. "ಇದು ಕನ್ನಡದಲ್ಲೂ ಇತ್ತಾ ಮೇಡಂ?" ಎಂದು ಅಂಗಡಿಯ ಹುಡುಗಿ ನನ್ನನ್ನೇ ಕೇಳಿದಳು.

ತೆರೆದು ನೋಡಿದರೆ ಕುಂಬಾರರ ಹುಡುಗಿಯೇ ಇಲ್ಲ. ಅವಳ ಜಾಗದಲ್ಲಿ ಹಾಲುಬಣ್ಣದ, ಬಾದಾಮಿ ಕಣ್ಣಿನ ಒಬ್ಬ ರಾಜಕುಮಾರಿ, ಹೆಗಲ ಮೇಲೆ ಬಿಲ್ಲು. ಹಲ್ಲುಗಳು ಮುತ್ತು ಪೋಣಿಸಿದ ಹಾಗೆ. ಸುತಲದ ಪುಸ್ತಕ ಪೂರ್ತಿ ಮಾಯ. ಬಲಿಗೆ ಇನ್ನೊಂದು ಪುಸ್ತಕದ ಕೊನೆಯಲ್ಲಿ ಎರಡು ಪುಟ, ತಲೆಗೆ ಕೋಡು, ಕೋರೆಹಲ್ಲು, ಘರ್ಜನೆ. ಅಲ್ಲಿಂದಲೇ ಗೆಳತಿಗೆ ಫೋನು ಮಾಡಿದೆ. ಆಫೀಸು ಹತ್ತಿರವೇ ಇದ್ದುದರಿಂದ ಊಟದ ಬಿಡುವಿನಲ್ಲಿ ಓಡಿ ಬಂದಳು. ಪುಟ ತಿರುವಿದಳು.

"ಇವಳ್ಯಾರು?"

"ಅದನ್ನೇ ನಾನೂ ಕೇಳ್ತಿರೋದು."

ಪುಸ್ತಕ ಹಿಡಿದು ಅವಳು ನೇರ ಮ್ಯಾನೇಜರ ಹತ್ತಿರ ಹೋದಳು. ಮೊದಲಿನ ಚಿತ್ರಗಳು ಹೇಗಿದ್ದವು, ಏನೇನು ತೆಗೆದುಹಾಕಿದ್ದಾರೆ, ಎಲ್ಲ ಹೇಳಿದಳು. ಈಗ ಅವಳ ಕನ್ನಡ ಎಲ್ಲ ಬೆಂಗಳೂರಿನವರ ಕನ್ನಡದ ಹಾಗೇ ಇತ್ತು. ಆತ ಸೌಜನ್ಯದಿಂದಲೇ ಕೇಳಿಸಿಕೊಂಡ.

"ನಾವು ಪ್ರಿಂಟ್ ಮಾಡೋರಲ್ಲ ಮೇಡಂ, ಮಾರೋರು. ಆದ್ರೂ ಮಕ್ಕಳಿಗೆ ನೋಡೋಕೆ ಚೆನ್ನಾಗಿರ್ಬೇಕಲ್ವಾ?"

"ನಾವೇನು ಮಕ್ಕಳಾಗಿರ್ಲಿಲ್ವಾ? ನಮಗೆ ಅವಳು ಚೆನ್ನಾಗಿ ಕಂಡಿದ್ಳು" ಎಂದಳು ಗೆಳತಿ.

ಆತ ಹೆಗಲು ಕುಣಿಸಿದ. ನಾವಿಬ್ಬರೂ ಬೈದುಕೊಳ್ಳುತ್ತಾ ತಿರುಗಿ ನೋಡಿದರೆ ನನ್ನ ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ಮೊದಲ ಪುಸ್ತಕದ ಅರ್ಧಕ್ಕೆ ಬಂದಿದ್ದಳು. ಬೇರೆ ಯಾವುದನ್ನು ತೋರಿಸಿದರೂ ಒಲ್ಲೆ ಎಂದಳು. ನಾನು ಬಡಪೆಟ್ಟಿಗೆ ಜಗ್ಗುವವಳಲ್ಲ. ಆದರೆ ಗೆಳತಿ ನನ್ನ ಕಣ್ಣೆದುರೇ ಅದನ್ನು ಕೊಂಡು ಅವಳ ಕೈಗಿಟ್ಟಳು.

"ನಿಂಗೇನಾಗಿದೆ? ಈಗ ತಾನೆ ಅಷ್ಟು ಜಗಳ ಆಡಿ ಬಂದೆ!"

"ಜಗಳ ಅವನ ಹತ್ರ. ಇವಳ ಹತ್ರ ಅಲ್ವಲ್ಲ. ಓದೋ ಮಗು ಕೈಯಿಂದ ಪುಸ್ತಕ ಕಿತ್ಕೊಳ್ಳೋಕೆ ನನ್ ಕೈಲಾಗಲ್ಲ."

ಆ ಪುಸ್ತಕ ಈಗ ನಮ್ಮ ಮನೆಯಲ್ಲಿದೆ. ಮಗಳಿಗೆ ಪ್ರಾಣ. ಮಿಕ್ಕ ಭಾಗಗಳನ್ನೂ ಅವಳ ಚಿಕ್ಕಪ್ಪನ ಕೈಲಿ ತರಿಸಿಕೊಂಡಳು. ಅವಳು ಬಾಯಿ ತೆರೆದುಕೊಂಡು ಓದುವುದನ್ನು ಕಂಡರೆ ಖುಷಿಯಾಗುತ್ತದೆ. ಮುಖಪುಟ ಕಂಡರೆ ಮೈ ಉರಿಯುತ್ತದೆ. ಮೊನ್ನೆ ಅಡುಗೆಮನೆಗೆ ಬಂದು, "ಅಮ್ಮಾ, ಈ ಚಿತ್ರ ನೋಡು, ಎಷ್ಟ್ ಚೆನ್ನಾಗಿದೆ" ಎಂದಳು. ರಾಜಕುಮಾರಿ ಬೆಂಕಿಯ ನದಿ ಹಾರುತ್ತಿದ್ದಳು.

"ಚೆನ್ನಾಗಿಲ್ಲ. ಬೆಂಕಿ ಹಾರೋಳ ಲಂಗದ ಅಂಚಾದ್ರೂ ಕಪ್ಪಾಗ್ಬೇಡ್ವಾ?" ಎಂದೆ.

"ಮ್ಯಾಜಿಕ್ ಲಂಗ ಅಮ್ಮಾ ಅದು!"

"ಹಾಗಂತ ಎಲ್ಲಿ ಬರ್ದಿದೆ? ತೋರ್ಸು."

ಅವಳು ಒಲೆಯ ಪಕ್ಕದ ಕಟ್ಟೆಗೆ ಒರಗಿ ಪುಟ ತಿರುವಿ ಹುಡುಕತೊಡಗಿದಳು. ಅದು ಎಲ್ಲೂ ಬರೆದಿರಲಿಲ್ಲ. ಆದರೂ ಅವಳು ಸೋಲಲಿಲ್ಲ, ನಾನೂ ಬಿಡಲಿಲ್ಲ. ಚಪಾತಿ ಒಂದು ಕಡೆ ಸೀದುಹೋಯಿತು.